ಸುತ್ತಿಡುವ ಮೊದಲು ಕಿತ್ತಿಡಿ

ವೈರುಗಳ ಗೋಜಲು ಎಂದೊಡನೆ ನೆನಪಾಗುವುದು ಟೀವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರು. ಅದಕ್ಕೆ ಆಮೇಲೆ ಬರೋಣ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟಿನಲ್ಲೇ ಉಳಿದುಬಿಟ್ಟ ವೈರುಗಳನ್ನು.

ಲ್ಯಾಪ್‌ಟಾಪ್ ಅಡಾಪ್ಟರಿಗೆ ಎರಡು ತುಂಡು ವೈರು ಇರುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ಅವಸರದಲ್ಲಿ ಅಡಾಪ್ಟರನ್ನು ಮಾತ್ರ ಬಿಡಿಸಿ ಬ್ಯಾಗಿಗೆ ಹಾಕಿಕೊಂಡು ಹೋಗುತ್ತೇವೆ. ಗೋಡೆಯ ಕಡೆಯ ತುಂಡು ನೆಲದ ಮೇಲೆ ಹಾಗೇ ಬಿದ್ದಿರುತ್ತದೆ. ಸ್ವಿಚ್ಚು ಹಾಕಿದ್ದರೆ ಅದರ ತುದಿಯ ತೂತುಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ ಅದು ಚೀಪಲು ಹೇಳಿ ಮಾಡಿಸಿದ ಗಾತ್ರ. ಜೊಲ್ಲು ಒಳಗಿಳಿದರೆ ತುಟಿಯ ಅಂಚು ಸುಡುತ್ತದೆ. ಇಂಥ ಗಾಯ ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ ಒಂದೆರಡು ವಾರದ ನಂತರ ಹಕ್ಕಳೆ ಉದುರುವಾಗ ಜೋರಾಗಿ ರಕ್ತ ಬರಬಹುದು. ಹಾಗಾಗಿ ಮುಲಾಮು ಹಚ್ಚಿ ಸುಮ್ಮನಾಗದೆ ಅಂದೇ ವೈದ್ಯರಿಗೆ ತೋರಿಸಿ. ಮಗುವನ್ನು ಮುಟ್ಟುವ ಮೊದಲು ಮೇನ್ ಆರಿಸಬೇಕು ಎಂಬುದನ್ನು ಮನೆಯಲ್ಲಿರುವ ಅಜ್ಜಿ ತಾತನಿಗೂ ಹೇಳಿಟ್ಟಿರಿ.

ಸ್ವಿಚ್ಚು ಆರಿಸಿದರೆ ಸಾಲದೇ? ಹಳೆಯ ಮನೆಗಳಲ್ಲಿ ಕೆಲವೊಮ್ಮೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೊಟ್ಟಿರುತ್ತಾರೆ; ಆರಿಸಿದರೂ ಕರೆಂಟು ವೈರಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಪ್ಲಗ್ಗನ್ನೇ ಕೀಳುವುದು ಒಳ್ಳೆಯದು.

ಇನ್ನೊಂದು ಅಭ್ಯಾಸ ನನಗೆ ತೀರಾ ಕಿರಿಕಿರಿ. ಷಟರ್ ಇರುವ ಸಾಕೆಟ್ಟಿಗೆ ಎರಡು ಪಿನ್ನಿನ ಪ್ಲಗ್ಗು ಹೋಗದಿದ್ದಾಗ ಮೇಲಿನ ಅರ್ತ್ ತೂತಿಗೆ ಪೆನ್ನಿನ ತುದಿ ತುರುಕಿ ಷಟರ್ ಸರಿಸುತ್ತೇವೆ. ಉದ್ದನೆಯ ಅರ್ತ್ ಪಿನ್ನು ಮಾತ್ರ ತೆರೆಯಲಿ ಎಂದು ಮಾಡಿದ ಬಾಗಿಲನ್ನು ತೆರೆಯುವುದು ಹೇಗೆಂದು ಪಕ್ಕದಲ್ಲಿ ನಿಂತ ಮಗುವಿಗೆ ನಾವೇ ಪಾಠ ಹೇಳಿಕೊಟ್ಟಂತೆ! ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಪಿನ್ನಿನ ಅಡಾಪ್ಟರು ಸಿಗುತ್ತದೆ, ತಂದುಬಿಡಿ.

ಎಕ್ಸ್‌ಟೆನ್ಷನ್ ಬಾಕ್ಸಿನ ಉದ್ದ ವೈರನ್ನು ಸಿಂಬಿ ಸುತ್ತಿ, ಮೇಲೆ ಕಾರ್ಪೆಟ್ ಮುಚ್ಚಿದರೆ ನೋಡಲು ಚೆಂದ. ಆದರೆ ಸುತ್ತಿಟ್ಟ ವೈರಿನ ಬಿಸಿ ಹೊರಗೆ ಹೋಗುವುದಿಲ್ಲ. 6 ಆಂಪಿಯರ್ ಬಾಕ್ಸಿನ ಮಿತಿ ಸುಮಾರು 1,380 ವಾಟ್. 1,500 ವಾಟಿನ ಕೆಟಲ್ ಒಂದೇ ಸಾಕು ಅದನ್ನು ಮೀರಲು. ಅದರಲ್ಲಿ ಮೊಬೈಲು, ಲ್ಯಾಪ್‌ಟಾಪ್ ಚಾರ್ಜು ಮಾಡಿ, ಅಷ್ಟೇ. ಇಸ್ತ್ರಿಪೆಟ್ಟಿಗೆ, ಕೆಟಲ್‌ಗಳ ವೈರು ಕಟ್ಟೆಯಿಂದ ಕೆಳಗೆ ಜೋತಾಡಬಾರದು. ಮಗು ಎಳೆಯುವುದು ವೈರನ್ನು, ಮೈಮೇಲೆ ಬೀಳುವುದು ಕುದಿಯುವ ನೀರು.

ಈಗ ಡ್ರಾಯರು. ವೈರು ತನ್ನಷ್ಟಕ್ಕೆ ಬಾಗುವ ಕಡೆಗೇ, ಅಂಗೈ ಅಗಲಕ್ಕೆ ಸಡಿಲವಾಗಿ ಸುತ್ತಿ. ಚಾರ್ಜರಿನ ಮೈಗೇ ಬಿಗಿಯಾಗಿ ಸುತ್ತಿದರೆ ಕತ್ತಿನ ಬಳಿ ಒಳಗಿನ ತಂತಿ ತುಂಡಾಗುತ್ತದೆ. ರಬ್ಬರ್ ಬ್ಯಾಂಡು ಬೇಡ, ನಮ್ಮ ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ. ವೆಲ್ಕ್ರೋ ಪಟ್ಟಿ ಅಥವಾ ಹಳೆಯ ಶೂ ಲೇಸು ಸಾಕು. ರೌಟರಿನ ಅಡಾಪ್ಟರು 9 ವೋಲ್ಟಿನದಿದ್ದು ಸೆಟ್‌ಟಾಪ್ ಬಾಕ್ಸಿನದು 12 ವೋಲ್ಟಿನದಿರಬಹುದು, ಪಿನ್ನು ಮಾತ್ರ ಒಂದೇ ಥರ. ಅದಲುಬದಲಾದರೆ ರೌಟರ್ ಸುಟ್ಟೀತು. ಅಡಾಪ್ಟರಿನ ಬೆನ್ನಿಗೆ ಟೇಪು ಅಂಟಿಸಿ ಯಾವುದರದ್ದೆಂದು ಬರೆಯಿರಿ. ಸುತ್ತಿದ ವೈರುಗಳನ್ನು ಖಾಲಿ ಸ್ವೀಟ್ ಬಾಕ್ಸಿನಲ್ಲಿ ಒಂದರ ಪಕ್ಕ ಒಂದು ನಿಲ್ಲಿಸಿ, ಮಗುವಿಗೆ ಎಟುಕದ ಕಪಾಟಿಗೆ ಸೇರಿಸಿ. ಪ್ಲಗ್ಗಿಲ್ಲದ ವೈರೂ ಕುತ್ತಿಗೆಗೆ ಸುತ್ತಿಕೊಳ್ಳಬಲ್ಲದು. ತೊಟ್ಟಿಲಿನ ಹತ್ತಿರವಂತೂ ಯಾವ ವೈರೂ ಬೇಡ.

ಸಿಪ್ಪೆ ಸುಲಿದ ವೈರಿಗೆ ಟೇಪು ಸುತ್ತಿ ಎತ್ತಿಡಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ಏಳೆಂಟು ವರ್ಷದ ಮಕ್ಕಳಿದ್ದರೆ ಕಿತ್ತಿಟ್ಟ ವೈರುಗಳನ್ನು ಸುತ್ತುವ ಕೆಲಸ ಅವರಿಗೇ ವಹಿಸಬಹುದು. ಪ್ಲಗ್ಗು ಕೀಳುವ ಕೆಲಸ ಮಾತ್ರ ಇನ್ನೂ ಕೆಲವು ವರ್ಷ ನಿಮ್ಮದೇ ಇರಲಿ.