ವಿಭಕ್ತಿಯೂ ಇಂಗ್ಲಿಷಿನ ಪ್ರಿಪೊಸಿಷನ್ನೂ

“ಅಕ್ಕನು ನಾಲ್ಕು ಗಂಟೆಗೆ ಶಿವಮೊಗ್ಗೆಯಿಂದ ಭದ್ರಾವತಿಗೆ ರೈಲಿನಲ್ಲಿ ಹೋದಳು.” ಈ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವಾಗ ವಿದ್ಯಾರ್ಥಿನಿಯರು ಎಡವುವುದು ಕ್ರಿಯಾಪದದಲ್ಲಿ ಅಲ್ಲ, ‘ಗೆ, ಇಂದ, ಅಲ್ಲಿ’ ಎಂಬ ಪುಟ್ಟ ಪ್ರತ್ಯಯಗಳಲ್ಲಿ. ಗಂಟೆಗೆ ಎಂಬಲ್ಲಿಯೂ ಭದ್ರಾವತಿಗೆ ಎಂಬಲ್ಲಿಯೂ ಇರುವುದು ಒಂದೇ ‘ಗೆ’. ಇಂಗ್ಲಿಷಿನಲ್ಲಾದರೋ ಮೊದಲನೆಯದಕ್ಕೆ ‘ಅಟ್’, ಎರಡನೆಯದಕ್ಕೆ ‘ಟು’ ಬರಬೇಕು. ರೈಲಿನಲ್ಲಿ ಹೋದುದಕ್ಕೆ ‘ಬೈ’, ಪೆಟ್ಟಿಗೆಯಲ್ಲಿ ಇರುವುದಕ್ಕೆ ‘ಇನ್’.

ಕನ್ನಡದಲ್ಲಿ ಸಂಬಂಧವನ್ನು ತೋರಿಸುವ ಗುರುತು ನಾಮಪದದ ಕೊನೆಗೆ ಅಂಟಿಕೊಳ್ಳುವುದು. ಇಂಗ್ಲಿಷಿನಲ್ಲಿ ಅದು ಬೇರೆ ಪದವಾಗಿ ನಾಮಪದಕ್ಕೆ ಮೊದಲೇ ನಿಲ್ಲುವುದು. ಇಷ್ಟನ್ನು ಎಲ್ಲರೂ ಬೇಗನೆ ತಿಳಿದುಕೊಳ್ಳುವರು. ಒಂದು ಪ್ರತ್ಯಯಕ್ಕೆ ಒಂದೇ ಪ್ರಿಪೊಸಿಷನ್ ಎಂದು ಪಟ್ಟಿಮಾಡಿ ಬಾಯಿಪಾಠ ಮಾಡುವುದರಿಂದಲೇ ಕೆಡುಕು. 1923ರಲ್ಲಿ ಕಬ್ಬಿಣವನ್ನು ತಯಾರಿಸತೊಡಗಿದ ಭದ್ರಾವತಿಯ ಕಾರ್ಖಾನೆಯನ್ನು ನೆನೆದು ಹೀಗೆ ಹೇಳೋಣ: ಕಬ್ಬಿಣದಿಂದ ಕೊಡಲಿಯನ್ನು ಮಾಡಿದರು, ಕೊಡಲಿಯಿಂದ ಕೊಂಬೆಯನ್ನು ಕಡಿದರು, ಮರದಿಂದ ಎಲೆಗಳು ಉದುರಿದವು. ‘ಇಂದ’ ಮೂರು ಸಾರಿ ಬಂದಿತು. ಮೊದಲನೆಯದು ಪದಾರ್ಥವನ್ನೂ, ಎರಡನೆಯದು ಉಪಕರಣವನ್ನೂ, ಮೂರನೆಯದು ಅಗಲಿಕೆಯನ್ನೂ ಹೇಳುತ್ತದೆ. ಆದುದರಿಂದ ಇಂಗ್ಲಿಷಿನಲ್ಲಿ ಕ್ರಮವಾಗಿ ‘ಆಫ್, ವಿತ್, ಫ್ರಮ್’.

ಕೆಲವೆಡೆ ಅವರಲ್ಲಿ ಏನೂ ಬೇಡ. ನಾವು ‘ದೇವರಿಗೆ ಹೆದರು’ ಎಂದು ಚತುರ್ಥಿಯಲ್ಲಿ ಹೇಳುವುದನ್ನು ಅವರು ‘ಫಿಯರ್ ಗಾಡ್’ ಎನ್ನುವರು. ‘ನನ್ನ ಮೇಲೆ ಕೋಪ’ ಎಂಬುದನ್ನು ‘ಆಂಗ್ರಿ ಆನ್ ಮಿ’ ಎಂದು ಬರೆದ ಉತ್ತರಗಳಿಗೆ ಲೆಕ್ಕವಿಲ್ಲ. ಅಲ್ಲಿ ‘ವಿತ್’ ಬೇಕು. ಪ್ರತ್ಯಯವನ್ನು ಬಿಟ್ಟು, ನಾಮಪದಕ್ಕೂ ಕ್ರಿಯೆಗೂ ಇರುವ ನಂಟೇನೆಂದು ಕೇಳಿಕೊಂಡರೆ ಇಂತಹ ತಪ್ಪುಗಳಲ್ಲಿ ಬಹುಭಾಗ ತಪ್ಪುವುದು. ಉಳಿದವನ್ನು ಓದಿ ಓದಿಯೇ ರೂಢಿಮಾಡಿಕೊಳ್ಳಬೇಕು.

ಎರಡನ್ನೂ ಹೊರುವ ಭಾಷೆಗಳೂ ಉಂಟು. ಪೋಲೆಂಡಿನವರು ‘ನಾ’ ಎಂಬ ಅವ್ಯಯವನ್ನು ಮೊದಲಿಟ್ಟು ನಾಮಪದದ ರೂಪವನ್ನೂ ಬದಲಿಸುವರು: ಪುಸ್ತಕವು ಮೇಜಿನ ಮೇಲೆ ಇದ್ದರೆ ‘ನಾ ಸ್ತೊಲೆ’, ಅದನ್ನು ಮೇಜಿನ ಮೇಲೆ ಇಡುವುದಾದರೆ ‘ನಾ ಸ್ತೂವ್’. ಜರ್ಮನ್ ನುಡಿಯ ಮರ್ಯಾದೆಯೂ ಇಂತಹದೇ. ಆ ನುಡಿಯಲ್ಲಿ ಹುಟ್ಟಿ ಬೆಳೆದ ಬಾಸೆಲ್ ಮಿಷನ್ನಿನ ಕಿಟ್ಟೆಲರು ನಮ್ಮ ವಿಭಕ್ತಿಗಳನ್ನು ಕಲಿತು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೇ ಪರಿಷ್ಕರಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು.

ಅಭ್ಯಾಸಕ್ಕೆ ಎರಡು ವಾಕ್ಯಗಳನ್ನು ಕೊಡುವೆವು: ತುಂಗೆಯ ಮೇಲೆ ಸೇತುವೆ ಇದೆ. ತುಂಗೆಯ ಮೇಲೆ ದೋಣಿ ಇದೆ. ನೀರನ್ನು ಮುಟ್ಟುವುದು ಯಾವುದು, ಮುಟ್ಟದಿರುವುದು ಯಾವುದು ಎಂದು ನೋಡಿ, ಎಲ್ಲಿ ‘ಆನ್’, ಎಲ್ಲಿ ‘ಓವರ್’ ಎಂಬುದನ್ನು ಬರೆಯಿರಿ.