ನುಂಗಿದರೂ ಸಾಯದ ರೋಗಾಣು

ನಮ್ಮ ಹುಣಸಗಿ ಕಡೆ ಜಾಲಿಮುಳ್ಳಿಗೇನು ಕಡಿಮೆ? ಮುಳ್ಳು ಚುಚ್ಚಿದಲ್ಲಿ ಕೀವು ಆಗ್ತದಲ್ಲ, ಅದರೊಳಗೆ ಸತ್ತ ಬಿಳಿ ರಕ್ತಕಣಗಳೇ ಬಹಳ. ಅವು ರೋಗಾಣುಗಳನ್ನು ಸುತ್ತುವರಿದು ನುಂಗಿ, ತಮ್ಮೊಳಗಿನ ರಸದಿಂದ ಕರಗಿಸುತ್ತವೆ. 1882ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಇಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಇಂಥ ಕಣಗಳು ಮುತ್ತಿದ್ದವು!

ಆದರೆ ಕ್ಷಯದ ರೋಗಾಣು ಬಲು ಕಿಲಾಡಿ. ಅದರ ಮೈಮೇಲೆ ಮೇಣದಂಥ ಪದರ ಇರ್ತದ. ಶ್ವಾಸಕೋಶದ ಭಕ್ಷಕ ಕಣ ಅದನ್ನು ನುಂಗ್ತದ ಖರೆ, ಆದರೆ ಕರಗಿಸುವ ರಸದ ಚೀಲ ತನ್ನ ಹತ್ತಿರ ಬರದಂತೆ ರೋಗಾಣುವೇ ತಡೆಯುತ್ತದೆ. ತಿನ್ನಲು ಬಂದವನ ಹೊಟ್ಟೆಯಲ್ಲೇ ಮನೆ ಮಾಡಿ ವರ್ಷಗಟ್ಟಲೆ ಕೂಡ್ತದ! ಮೈಯ ಶಕ್ತಿ ಕುಂದಿದಾಗ ಮೇಲೇಳುತ್ತದೆ.

ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳು ಗುಳಿಗಿ ತಗೋಬೇಕು. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡ್ತಾರ. ಕೆಮ್ಮು ನಿಂತಿತೆಂದು ಕೆಲವರು ನಡುವೆಯೇ ಬಿಡ್ತಾರ. ಆಗ ಬಹಳಷ್ಟು ರೋಗಾಣು ಸತ್ತಿರ್ತಾವ, ಅಡಗಿ ಕೂತವು ಮಾತ್ರ ಇನ್ನೂ ಇರ್ತಾವ.