ಪುಟ್ಟ ಎಂಜಿನ್ನಿನ ಕನೆಕ್ಟಿಂಗ್ ರಾಡ್

ಕವಿತಾಳದ ಹೊಲಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ಬಿಚ್ಚುವುದನ್ನು ಕಂಡವರಿಗೆ, ಪಿಸ್ಟನ್ನಿನ ಏರಿಳಿತವನ್ನು ಕ್ರ್ಯಾಂಕಿನ ತಿರುಗಾಟವಾಗಿ ಮಾರ್ಪಡಿಸುವ ಕನೆಕ್ಟಿಂಗ್ ರಾಡ್ ಅಪರಿಚಿತವಲ್ಲ. ರೇಡಿಯೋ ನಿಯಂತ್ರಿತ ಆಟದ ಕಾರಿನ ನೈಟ್ರೋ ಎಂಜಿನ್ನಿನಲ್ಲಿಯೂ ಇದೇ ಅಂಗವಿದೆ. ಉದ್ದ ಕಿರುಬೆರಳಿನಷ್ಟೂ ಇಲ್ಲ. ಆದರೂ ಬಹುಬೇಗ ಸವೆಯುವುದು ಇದೇ. ಏಕೆ?

ಲೆಕ್ಕ ಹಾಕಿ ನೋಡೋಣ. ಓಟದ ತುದಿಯಲ್ಲಿ ಪಿಸ್ಟನ್ನಿನ ವೇಗೋತ್ಕರ್ಷವು, ಸ್ಥೂಲವಾಗಿ, ಕ್ರ್ಯಾಂಕಿನ ತ್ರಿಜ್ಯವನ್ನು ಕೋನವೇಗದ ವರ್ಗದಿಂದ ಗುಣಿಸಿದಷ್ಟು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಓಟ 110 ಮಿಲಿಮೀಟರ್, ನಿಮಿಷಕ್ಕೆ 1,500 ಸುತ್ತು ಎಂದುಕೊಂಡರೆ ಅದು ಗುರುತ್ವದ ಸುಮಾರು 140 ಪಟ್ಟು. 16 ಮಿಲಿಮೀಟರ್ ಓಟದ ಪುಟ್ಟ ಎಂಜಿನ್ 30,000 ಸುತ್ತು ತಿರುಗಿದಾಗಲೋ, 8,000 ಪಟ್ಟು! 4 ಗ್ರಾಂ ಪಿಸ್ಟನ್ನನ್ನು ತಡೆದು ಹಿಂದಿರುಗಿಸಲು 32 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಅದೂ ಸೆಕೆಂಡಿಗೆ 500 ಸಲ.

ಇದಕ್ಕೆ ಬೇರೆ ಎಣ್ಣೆ ತೊಟ್ಟಿಯಿಲ್ಲ. ಮೆಥನಾಲ್, ನೈಟ್ರೋಮೀಥೇನ್‌ಗಳೊಡನೆ ಬೆರೆತ ಎಣ್ಣೆಯೇ ಗತಿ. ಇಂಧನದ ಪ್ರಮಾಣವನ್ನು ಅತಿಯಾಗಿ ತಗ್ಗಿಸಿದವರು ಎಣ್ಣೆಯನ್ನೂ ತಗ್ಗಿಸಿದಂತೆಯೇ.

ಹಿಂಬದಿಯ ಮುಚ್ಚಳ ತೆಗೆದು, ಪಿಸ್ಟನ್ ಕೆಳಗಿರುವಾಗ ರಾಡಿನ ಕೆಳಗಣ್ಣನ್ನು ಮೆಲ್ಲನೆ ಅಲುಗಿಸಿರಿ. ಎಣ್ಣೆಯ ಪೊರೆಗೆ ಕೂದಲೆಳೆಯ ಸಂದು ಇರಲೇಬೇಕು. ಸಡಿಲು ಕೈಗೆ ಸ್ಪಷ್ಟವಾಗಿ ತಿಳಿದರೆ ಬದಲಿಸುವುದೇ ಲೇಸು. ಮುರಿಯುವವರೆಗೆ ಕಾದರೆ ಪಿಸ್ಟನ್ನೂ ಸ್ಲೀವೂ ಹಾಳಾಗುವುವು. ಸ್ಲೀವನ್ನು ಮೇಲಕ್ಕೆತ್ತಿ ತೆಗೆದ ಬಳಿಕ ರಾಡನ್ನು ಪಿನ್ನಿನಿಂದ ಜಾರಿಸಬಹುದು. ಹಳೆಯದರ ಮುಖ ಎತ್ತಲಿತ್ತೋ ಹೊಸದರದೂ ಅತ್ತಲೇ ಇರಲಿ. ಕ್ರ್ಯಾಂಕಿನ ಪಿನ್ನಿನಲ್ಲಿ ಗೀರು ಬಿದ್ದಿದ್ದರೆ ಹೊಸ ರಾಡೂ ಬಾಳದು.